ಮಂಡಿ ನೋವಿಗೆ ಯಾವುದು ಸರಿ: ವ್ಯಾಯಾಮವೋ, ಇಂಜೆಕ್ಷನ್ನೋ, ಆಪರೇಷನ್ನೋ?

ನಮ್ಮವ್ವನ ಮಂಡಿಯ ಎಕ್ಸ್‌ರೇ ಒಂದೇ. ಅದನ್ನು ಹಿಡಿದುಕೊಂಡು ಮೂರು ಕಡೆ ಹೋದೆವು, ಮೂರು ಮಾತು ಬಂತು. ಒಬ್ಬರು "ಎರಡೂ ಮಂಡಿ ಬದಲಿಸಿಬಿಡೋಣ" ಎಂದರು. ಇನ್ನೊಬ್ಬರು "ಜೆಲ್ ಇಂಜೆಕ್ಷನ್ ಹಾಕಿಸಿ, ಒಂದು ವರ್ಷ ಆರಾಮ" ಎಂದರು. ಮೂರನೆಯವರು ಎಕ್ಸ್‌ರೇಯನ್ನು ಕವರಿನಿಂದ ಪೂರ್ತಿ ಹೊರಗೂ ತೆಗೆಯಲಿಲ್ಲ. "ಅಮ್ಮಾ, ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಿ ನೋಡೋಣ" ಎಂದರು. ಅವ್ವನಿಗೆ ಏಳಲಾಗಲಿಲ್ಲ. "ತೊಡೆಯಲ್ಲಿ ಶಕ್ತಿಯೇ ಇಲ್ಲ, ಮೊದಲು ಅದನ್ನು ಸರಿ ಮಾಡೋಣ" ಎಂದರು.

ಹಾಸನದಿಂದ ಸಕಲೇಶಪುರದ ಬಸ್ಸಲ್ಲಿ ವಾಪಸ್ ಬರುವಾಗ ಅವ್ವ ಕೇಳಿದ್ದು ಒಂದೇ ಮಾತು. "ಮೂವರೂ ಓದಿದೋರೇ ಅಲ್ವಾ, ಮತ್ಯಾಕೆ ಮೂರು ಥರ ಹೇಳ್ತಾರೆ?"

ನಾನು ಡಾಕ್ಟರಲ್ಲ. ಲೆಕ್ಕ ಬರೆಯುವ ಕೆಲಸದವನು. ಎರಡು ಪಟ್ಟಿ ಪಕ್ಕದಲ್ಲಿಟ್ಟು ತಾಳೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಕೆಲವು ತಿಂಗಳು ಕೂತು, ಈ ಚಿಕಿತ್ಸೆಗಳನ್ನು ಒಂದಕ್ಕೊಂದು ಹೋಲಿಸಿ ಮಾಡಿದ ಅಧ್ಯಯನಗಳನ್ನು ಓದಿದೆ. ಗೊತ್ತಿರುವ ಮೂಳೆ ಡಾಕ್ಟರೊಬ್ಬರ ತಲೆ ತಿಂದೆ. ಇಲ್ಲಿ ಬರೆಯುತ್ತಿರುವುದು ವಯಸ್ಸಿನ ಜೊತೆ ಬರುವ ಮಂಡಿ ಸವೆತದ ಬಗ್ಗೆ ಮಾತ್ರ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರವೂ ಬಂದಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಜಾಸ್ತಿ ಹೊತ್ತು ಕೈ ಬೆರಳು, ಮಣಿಕಟ್ಟು ಎಲ್ಲಾ ಬಿಗಿಯಾಗಿದ್ದರೆ ಅದು ಬೇರೆ ಥರದ ವಾತ ಇರಬಹುದು. ಅದರ ದಾರಿಯೇ ಬೇರೆ.

ಎಕ್ಸ್‌ರೇಗೂ ನೋವಿಗೂ ತಾಳೆ ಆಗದಿದ್ದಾಗ

"ಗ್ಯಾಪ್ ಮುಚ್ಚಿಹೋಗಿದೆ", "ಗ್ರೀಸ್ ಮುಗಿದಿದೆ", "ಗ್ರೇಡ್ ನಾಲ್ಕು". ಈ ಮಾತು ಕೇಳಿದ ತಕ್ಷಣ ಮನೆಯವರಿಗೆಲ್ಲ ಕೈಕಾಲು ಬಿಟ್ಟಂತಾಗುತ್ತದೆ. ಸೊನ್ನೆಯಿಂದ ನಾಲ್ಕರವರೆಗಿನ ಈ ಗ್ರೇಡು 1957ರಿಂದ ಬಳಕೆಯಲ್ಲಿದೆ. ಎಲುಬುಗಳ ನಡುವಿನ ಜಾಗ ಎಷ್ಟು ಕಡಿಮೆಯಾಗಿದೆ, ಅಂಚಿನಲ್ಲಿ ಎಲುಬು ಎಷ್ಟು ಮುಳ್ಳಿನ ಥರ ಬೆಳೆದಿದೆ ಅನ್ನುವುದನ್ನು ಅದು ಹೇಳುತ್ತದೆ. ನೋವು ಎಷ್ಟಿದೆ ಅಂತ ಹೇಳುವುದಿಲ್ಲ. ಎಕ್ಸ್‌ರೇಯಲ್ಲಿ ಸವೆದು ಕೂತ ಮಂಡಿಯವರು ತೋಟ ಸುತ್ತಿ ಬರುವುದೂ ಉಂಟು. ಅಷ್ಟೇನೂ ಸವೆಯದ ಮಂಡಿಯವರು ಜಗಲಿ ಇಳಿಯಲು ಆಗದೆ ಕೂರುವುದೂ ಉಂಟು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ದಾರಿ ಹಾಕಿಕೊಡುವ ನೈಸ್ ಎಂಬ ಸಂಸ್ಥೆ 2022ರಲ್ಲಿ ಒಂದು ಮಾರ್ಗಸೂಚಿ ತಂದಿತು. ವಯಸ್ಸು 45 ದಾಟಿದೆ, ಓಡಾಡಿದಾಗ ನೋವು ಬರುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇರುವುದಿಲ್ಲ. ಇಷ್ಟು ಇದ್ದರೆ ಸವೆತ ಅಂತ ಗುರುತಿಸಲು ಎಕ್ಸ್‌ರೇ ಸಾಮಾನ್ಯವಾಗಿ ಬೇಕಾಗಿಲ್ಲ ಎನ್ನುತ್ತದೆ ಅದು. ನಮ್ಮಲ್ಲಿ ಎಕ್ಸ್‌ರೇ ತೆಗೆಸದಿದ್ದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಅಂತ ನಾವೇ ಗೊಣಗುತ್ತೇವೆ. ತಪ್ಪು ಅವರೊಬ್ಬರದೇ ಅಲ್ಲ.

ಹಾಗಾಗಿ ಹೋಲಿಕೆ ಶುರು ಮಾಡುವ ಮೊದಲು ಎಕ್ಸ್‌ರೇ ಬದಿಗಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಮಂಡಿಯಿಂದ ಆಗದ ಕೆಲಸ ಯಾವ್ಯಾವುದು ಅಂತ ಬರೆಯಿರಿ. ಅವ್ವ ಬರೆಸಿದ್ದು ಇಷ್ಟು: ಬಚ್ಚಲಲ್ಲಿ ಕೂತು ಏಳುವುದು, ಕಾಫಿ ತೋಟದ ಇಳಿಜಾರು ಇಳಿಯುವುದು, ಬಸ್ಸಿನ ಮೊದಲ ಮೆಟ್ಟಿಲು. ರಾತ್ರಿ ನಿದ್ದೆ? ಚೆನ್ನಾಗಿ ಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುವುದು? ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ. ಈ ಹಾಳೆ ಮುಂದೆ ಬಹಳ ಕೆಲಸಕ್ಕೆ ಬಂತು.

ಸುಮ್ನೆ ಗಾಯ ಮಾಡಿ ಹೊಲಿಗೆ ಹಾಕಿದ ಕಥೆ

ಮಂಡಿ ನೋವಿಗೆ ಒಂದು ಗುಣವಿದೆ. ಅದು ಏರಿಳಿಯುತ್ತದೆ. ಒಂದು ತಿಂಗಳು ಜೀವ ತಿನ್ನುತ್ತದೆ, ಇನ್ನೊಂದು ತಿಂಗಳು ಮರೆತೇ ಹೋಗುತ್ತದೆ. ನಾವು ಡಾಕ್ಟರ ಹತ್ತಿರ ಹೋಗುವುದು ಯಾವಾಗ? ತಡೆಯಲಾರದಷ್ಟು ಜಾಸ್ತಿಯಾದಾಗ. ಅಂದರೆ ಅಲ್ಲಿಂದ ಮುಂದೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಸ್ವಲ್ಪ ಇಳಿಯುವ ಸಾಧ್ಯತೆಯೇ ಹೆಚ್ಚು. ಆ ಹೊತ್ತಿಗೆ ಹಚ್ಚಿದ ಎಣ್ಣೆಗೋ ಹಾಕಿಸಿದ ಇಂಜೆಕ್ಷನ್ನಿಗೋ ಹೆಸರು ಬರುತ್ತದೆ. "ನಮ್ಮ ಚಿಕ್ಕಮ್ಮನಿಗೆ ವಾಸಿಯಾಯ್ತು" ಅನ್ನುವ ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ದುಡ್ಡು ಹಾಕುವ ಮೊದಲು ಕೇಳಬೇಕಾದ್ದು, ಯಾವುದಕ್ಕೆ ಹೋಲಿಸಿ ವಾಸಿಯಾಯ್ತು?

ಇದನ್ನು ನನಗೆ ಅರ್ಥ ಮಾಡಿಸಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಆಗ ದೂರ್ಬೀನು ಆಪರೇಷನ್ ಬಹಳ ನಡೆಯುತ್ತಿತ್ತು. ಸಣ್ಣ ತೂತು ಮಾಡಿ, ಒಳಗೆ ಕ್ಯಾಮೆರಾ ಬಿಟ್ಟು, ಸವೆದ ಮಂಡಿಯನ್ನು ತೊಳೆದು ಕೆರೆದು ಬರುವುದು. ಇವರು 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದು ತೆಗೆದರು, ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯ ಗುಂಪಿನವರನ್ನೂ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು, ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿ ಕಳಿಸಿದರು. ಒಳಗೆ ಏನೂ ಮಾಡಲಿಲ್ಲ. ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು, ಆದರೆ ಯಾರು ಯಾವ ಗುಂಪು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ಕಳೆದು ನೋಡಿದರೆ ಮೂರೂ ಗುಂಪಿನ ನೋವಿನಲ್ಲಿ ವ್ಯತ್ಯಾಸವೇ ಇಲ್ಲ!

ಆಮೇಲೆ ಬಂದ ಅಧ್ಯಯನಗಳೂ ಅದನ್ನೇ ಹೇಳಿದವು. ಇವತ್ತಿಗೆ ಬರೀ ಸವೆತಕ್ಕೆ ದೂರ್ಬೀನು ಆಪರೇಷನ್ ಬೇಡ ಅನ್ನುವುದು ಹೆಚ್ಚುಕಡಿಮೆ ಎಲ್ಲ ಮಾರ್ಗಸೂಚಿಗಳ ಮಾತು. ಯಾರಾದರೂ "ಒಂದು ಸಲ ಕ್ಲೀನ್ ಮಾಡಿಬಿಡೋಣ" ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ ಬನ್ನಿ.

ಇಂಜೆಕ್ಷನ್ನುಗಳು

ಮಂಡಿಗೆ ಹಾಕುವ ಇಂಜೆಕ್ಷನ್ನುಗಳಲ್ಲಿ ಮೂರು ಥರ. ಜನ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದೇ ಎಡವಟ್ಟು.

ಮೊದಲನೆಯದು ಸ್ಟೀರಾಯ್ಡ್. ಇದು ಅಗ್ಗ, ಬೇಗ ಕೆಲಸ ಮಾಡುತ್ತದೆ. ಮಂಡಿ ಊದಿಕೊಂಡು ಕೂತಾಗ ಕೆಲವು ವಾರ ನೋವು ಇಳಿಸುತ್ತದೆ. ಮನೆಯಲ್ಲಿ ಮದುವೆ ಇದೆ, ಓಡಾಡಲೇಬೇಕು ಅನ್ನುವಂಥ ಹೊತ್ತಿಗೆ ಒಂದು ಸಲ ಹಾಕಿಸಿಕೊಳ್ಳುವುದು ನನ್ನ ಮಟ್ಟಿಗೆ ತಪ್ಪೇನಲ್ಲ. ಪದೇ ಪದೇ ಹಾಕಿಸುವುದು ಬೇರೆ ಮಾತು. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ, ಮೂರು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಟ್ಟರು. ಅರ್ಧ ಜನರಿಗೆ ಸ್ಟೀರಾಯ್ಡ್, ಇನ್ನರ್ಧಕ್ಕೆ ಬರೀ ಉಪ್ಪುನೀರು. ಕೊನೆಗೆ ನೋವಿನಲ್ಲಿ ಎರಡೂ ಗುಂಪು ಒಂದೇ. ಎಲುಬಿನ ತುದಿಯ ಮೆತ್ತನೆ ಪದರ ಮಾತ್ರ ಸ್ಟೀರಾಯ್ಡ್ ಗುಂಪಿನಲ್ಲಿ ಸ್ವಲ್ಪ ಜಾಸ್ತಿ ಸವೆದಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಹಾಕಿಸಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಡಾಕ್ಟರಿಗೆ ಹೇಳಿ. ಸದ್ಯದಲ್ಲೇ ಮಂಡಿ ಬದಲಿಸುವ ಯೋಚನೆ ಇದ್ದರೆ ಅದನ್ನೂ ಹೇಳಿ. ಆಪರೇಷನ್ನಿಗೆ ಮುಂಚಿನ ಮೂರು ತಿಂಗಳಲ್ಲಿ ಸ್ಟೀರಾಯ್ಡ್ ಹಾಕಿಸಿದ್ದರೆ ಸೋಂಕಿನ ಅಪಾಯ ಜಾಸ್ತಿ.

ಎರಡನೆಯದು ಜೆಲ್. ಇದಕ್ಕೇ "ಗ್ರೀಸ್ ತುಂಬಿಸೋದು" ಅನ್ನುವುದು. ಹೆಸರು ಕೇಳಿದರೆ ಗಾಡಿಗೆ ಆಯಿಲ್ ಬದಲಿಸಿದಷ್ಟು ಸರಳ ಅನ್ನಿಸುತ್ತದೆ. ನಾವೂ ಬಿದ್ದೆವು. ಹೆಸರು ಬೇಡ, ಒಂದು ಕ್ಲಿನಿಕ್ಕಿನಲ್ಲಿ "ಇಂಪೋರ್ಟೆಡ್" ಅಂತ ಹೇಳಿ ಎರಡೂ ಮಂಡಿಗೆ ಹಾಕಿದರು. ಬಿಲ್ಲು ನೋಡಿ ಅವ್ವ ವಾರಗಟ್ಟಲೆ ಬೈದರು. ಆ ವರ್ಷ ಕಣದ ಕೆಲಸಕ್ಕೆ ಎತ್ತಿಟ್ಟಿದ್ದ ದುಡ್ಡು ಅದು. ಒಂದೂವರೆ ತಿಂಗಳು ಚೆನ್ನಾಗಿತ್ತು, ಆಮೇಲೆ ಮೊದಲಿನಂತೆಯೇ. 2022ರಲ್ಲಿ ಈ ಜೆಲ್ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದವರು, ಉಪ್ಪುನೀರಿಗಿಂತ ಇದು ಕೊಡುವ ಲಾಭ ರೋಗಿಗೆ ಗೊತ್ತಾಗುವಷ್ಟಿಲ್ಲ ಎಂದರು. ನೈಸ್ ಮಾರ್ಗಸೂಚಿಯೂ ಇದನ್ನು ಕೊಡಬೇಡಿ ಎನ್ನುತ್ತದೆ. ಇದನ್ನು ಓದಿದ್ದು ಬಿಲ್ಲು ಕಟ್ಟಿದ ಮೇಲೆ.

ಮೂರನೆಯದು ಪಿಆರ್‌ಪಿ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಅದರ ಒಂದು ಭಾಗವನ್ನು ಮಂಡಿಗೆ ಚುಚ್ಚುವುದು. "ನಿಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತು ಜನರಿಗೆ ಬಹಳ ಹಿಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಒಂದು ವರ್ಷದ ಮೇಲೆ ನೋಡಿದರೆ ನೋವಿನಲ್ಲೂ, ಮೆತ್ತನೆ ಪದರದ ಸವೆತದಲ್ಲೂ ಪಿಆರ್‌ಪಿಗೂ ಉಪ್ಪುನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬೇರೆ ಕೆಲವು ಸಣ್ಣ ಅಧ್ಯಯನಗಳು ಲಾಭ ಇದೆ ಎನ್ನುತ್ತವೆ. ಹಾಗಾಗಿ ವಾದ ಮುಗಿದಿಲ್ಲ. ಆದರೆ ಸಾಲ ಮಾಡಿ ಹಾಕಿಸುವಂಥದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಟೆಮ್ ಸೆಲ್ ಅಂತ ಹೇಳಿಕೊಂಡು ಬರುವವರಿಂದ ಇನ್ನೂ ನಾಲ್ಕು ಹೆಜ್ಜೆ ದೂರ ಇರಿ.

ಮಾತ್ರೆ, ಮುಲಾಮು, ಪುಡಿ

ಮೆಡಿಕಲ್ ಸ್ಟೋರಿಗೆ ಹೋಗಿ "ಮಂಡಿ ನೋವಿಗೆ ಒಂದು ಹಾಳೆ ಕೊಡಪ್ಪ" ಅನ್ನುವುದು ನಮ್ಮ ಕಡೆ ರೂಢಿ. ಸಿಗುವುದು ಸಾಮಾನ್ಯವಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೋರಿಕಾಕ್ಸಿಬ್ ಇಂಥವು. ನೋವಿಗೆ ಕೆಲಸ ಮಾಡುತ್ತವೆ, ಸುಳ್ಳಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಬಿಪಿ, ಹೃದಯ, ಕಿಡ್ನಿ ಎಲ್ಲಕ್ಕೂ ಪೆಟ್ಟು. ಅದರಲ್ಲೂ ಬಿಪಿಗೆ ಕೊಡುವ ಕೆಲವು ಮಾತ್ರೆ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ ಸೇರಿದರೆ ಕಿಡ್ನಿ ಕೈಕೊಡುವ ಅಪಾಯ ಜಾಸ್ತಿ. ನಿಮ್ಮ ಮನೆಯ ಹಿರಿಯರು ಯಾವ್ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಒಮ್ಮೆ ಡಬ್ಬಿ ಸುರಿದು ನೋಡಿ. ಅವ್ವನ ಡಬ್ಬಿಯಲ್ಲಿ ಒಂದೇ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಇತ್ತು. ಎರಡನ್ನೂ ನುಂಗುತ್ತಿದ್ದರು.

ಡೈಕ್ಲೋಫೆನಾಕ್ ಮುಲಾಮನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಮಂಡಿಗೆ ಅದು ಮಾತ್ರೆಯ ಹತ್ತಿರ ಹತ್ತಿರದಷ್ಟೇ ಕೆಲಸ ಮಾಡುತ್ತದೆ, ಹೊಟ್ಟೆಗೆ ತೊಂದರೆ ಬಹಳ ಕಡಿಮೆ. ಮಂಡಿ ಚರ್ಮದ ಹತ್ತಿರವೇ ಇರುವ ಕೀಲು, ಔಷಧಿ ಒಳಗಿಳಿಯುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ, ಕೆಲವು ವಾರ ಬಿಡದೆ ಹಚ್ಚಬೇಕು. ಒಂದು ದಿನ ಹಚ್ಚಿ "ಏನೂ ಆಗಲಿಲ್ಲ" ಅಂದರೆ ಹೇಗೆ? ಮಾತ್ರೆಗೆ ಮೊದಲು ಇದನ್ನು ನೋಡಿ. ಪ್ಯಾರಾಸಿಟಮಾಲ್ ಮಂಡಿ ಸವೆತಕ್ಕೆ ಅಷ್ಟಕ್ಕಷ್ಟೇ. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಡಬ್ಬಿಗಳಿಗೆ ಹಾಕುವ ದುಡ್ಡಿಗೆ ಮೊಟ್ಟೆ ತಿನ್ನಬಹುದು.

ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಹಿತ, ತೊಂದರೆ ಇಲ್ಲ. ಸವೆತ ಕಮ್ಮಿಯಾಗುವುದಿಲ್ಲ, ಅಷ್ಟೇ. ಹೆದರಬೇಕಾದ್ದು ಲೇಬಲ್ ಇಲ್ಲದ ಪುಡಿಗಳಿಗೆ. ಎರಡೇ ದಿನಕ್ಕೆ ನೋವು ಮಾಯವಾಗಿ, ತಿಂಗಳೊಳಗೆ ಮುಖ ಊದಿ, ಶುಗರ್ ಏರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಅಂಥ ಪುಡಿಯನ್ನು ದಿಢೀರ್ ನಿಲ್ಲಿಸುವುದೂ ಅಪಾಯ. ಪುಡಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಯಾರಿಗೂ ಇಷ್ಟವಾಗದ ಚಿಕಿತ್ಸೆ

ನೈಸ್ ಇರಲಿ, ಬೇರೆ ದೇಶಗಳ ಮಾರ್ಗಸೂಚಿಗಳಿರಲಿ, ಎಲ್ಲರೂ ಮೊದಲ ಸಾಲಿನಲ್ಲಿ ಬರೆಯುವುದು ವ್ಯಾಯಾಮ ಮತ್ತು ತೂಕ. ನಾವೆಲ್ಲ ಕೊನೆಗೆ ಮಾಡುವುದೂ ಅದನ್ನೇ. ಯಾಕೆಂದರೆ ಇದರಲ್ಲಿ ಚೀಟಿ ಇಲ್ಲ, ಸೂಜಿ ಇಲ್ಲ, ನಾಲ್ಕು ಜನರಿಗೆ ಹೇಳಿಕೊಳ್ಳಲು ಏನೂ ಇಲ್ಲ.

ನನಗೆ ನಂಬಿಕೆ ಬಂದಿದ್ದು 2020ರಲ್ಲಿ ಪ್ರಕಟವಾದ ಒಂದು ನೇರ ಹೋಲಿಕೆಯಿಂದ. 156 ಜನ. ಅರ್ಧ ಜನರಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಅರ್ಧ ಜನರಿಗೆ ಫಿಸಿಯೋಥೆರಪಿ. ಒಂದು ವರ್ಷ ಕಳೆದಾಗ ಫಿಸಿಯೋಥೆರಪಿಯವರ ನೋವು ಮತ್ತು ಓಡಾಟ ಎರಡೂ ಇಂಜೆಕ್ಷನ್ನಿನವರಿಗಿಂತ ಚೆನ್ನಾಗಿತ್ತು.

"ಬೆಳಗಿಂದ ಸಂಜೆವರೆಗೆ ತೋಟದಲ್ಲಿ ಹತ್ತಿ ಇಳಿಯೋದೇ ವ್ಯಾಯಾಮ ಅಲ್ವಾ?" ಇದು ಅವ್ವನ ವಾದ. ನಮ್ಮ ಕಡೆಯ ಯಾವ ಹೆಂಗಸಿನ ಹತ್ತಿರ ಹೇಳಿದರೂ ಇದೇ ಮಾತು ಬರುತ್ತದೆ. ಫಿಸಿಯೋಥೆರಪಿಸ್ಟ್ ಕೊಟ್ಟ ಉತ್ತರ ನನಗೆ ಹಿಡಿಸಿತು. ಕುಯ್ಲಿನ ಕೆಲಸ ನಿಮ್ಮ ಮಂಡಿಯನ್ನು ಕೇಳಿ ನಡೆಯುವುದಿಲ್ಲ. ಹಣ್ಣು ಇರುವ ಕಡೆ ಹೋಗಲೇಬೇಕು, ನೋವಿದ್ದರೂ ಕುಕ್ಕರಗಾಲಲ್ಲಿ ಕೂತು ಉದುರು ಆರಿಸಲೇಬೇಕು. ನೋವು ಅಂತ ಒಂದೇ ಕಾಲಿನ ಮೇಲೆ ಭಾರ ಹಾಕುತ್ತೀರಿ, ಇನ್ನೊಂದು ತೊಡೆ ಸೊರಗುತ್ತದೆ. ವ್ಯಾಯಾಮ ಅಂದರೆ ಮಂಡಿ ತಡೆಯುವಷ್ಟರಿಂದ ಶುರು ಮಾಡಿ ವಾರವಾರವೂ ಸ್ವಲ್ಪ ಏರಿಸುವುದು.

ಮಾಡಿಸಿದ್ದು ಬಹಳ ಸರಳ. ಮಂಚದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದು, ಐದು ಎಣಿಸುವವರೆಗೆ. ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮೊದಲ ವಾರ ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದ್ದೆವು. ಆರನೇ ವಾರಕ್ಕೆ ದಿಂಬು ಬೇಡವಾಯಿತು. ಕೊನೆಗೆ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಕಂಬ ಹಿಡಿದುಕೊಂಡು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮಾರನೇ ದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಷ್ಟು ಜಾಸ್ತಿಯಾಯ್ತು ಅಂತ ಅರ್ಥ, ಸ್ವಲ್ಪ ಕಡಿಮೆ ಮಾಡಿ. ಮೊದಲ ಮೂರು ವಾರ ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಬಿಟ್ಟುಬಿಡುವುದು ಬಹುಪಾಲು ಜನ ಅಲ್ಲೇ. ಎಂಟರಿಂದ ಹನ್ನೆರಡು ವಾರ ಕೊಡದೆ ತೀರ್ಮಾನಕ್ಕೆ ಬರಬೇಡಿ.

ತೂಕದ ಲೆಕ್ಕ ಇನ್ನೂ ಚೆನ್ನಾಗಿದೆ. ದೇಹದ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಅಂತ 2005ರ ಒಂದು ಅಧ್ಯಯನ ಅಳೆದು ಹೇಳಿತು. ಅದೇ ತಂಡದವರು 2013ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 454 ಜನ, ಒಂದೂವರೆ ವರ್ಷ. ಊಟ ಕಡಿಮೆ ಮಾಡಿ ವ್ಯಾಯಾಮವನ್ನೂ ಮಾಡಿದ ಗುಂಪಿನವರ ತೂಕ ನೂರಕ್ಕೆ ಸುಮಾರು ಹನ್ನೊಂದರಷ್ಟು ಇಳಿಯಿತು, ನೋವು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಬರೀ ವ್ಯಾಯಾಮ ಅಥವಾ ಬರೀ ಊಟ ಕಡಿಮೆ ಮಾಡಿದವರಿಗೆ ಅಷ್ಟು ಲಾಭ ಆಗಲಿಲ್ಲ. ಹೇಳುವುದು ಸುಲಭ, ಅಕ್ಕಿ ರೊಟ್ಟಿ ಕಡುಬಿನ ಸೀಮೆಯಲ್ಲಿ ತೂಕ ಇಳಿಸುವುದು ಕಷ್ಟ. ಅವ್ವ ಎಂಟು ತಿಂಗಳಲ್ಲಿ ಇಳಿಸಿದ್ದು ನಾಲ್ಕು ಕಿಲೋ. ಸಂಜೆ ಕಾಫಿಯ ಜೊತೆಗಿನ ಚಕ್ಕುಲಿ ಕೋಡುಬಳೆ ನಿಂತಿದ್ದಕ್ಕೆ ಅಷ್ಟಾಯಿತು. ಊಟಕ್ಕೆ ಕೈ ಹಾಕಲು ಬಿಡಲಿಲ್ಲ.

ಇನ್ನೊಂದು ಸಣ್ಣ ವಿಷಯ, ಊರುಗೋಲು. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ ಇರಬೇಕು. ನಮ್ಮೂರಿನಲ್ಲಿ ನಾನು ಕಂಡ ಮುಕ್ಕಾಲು ಜನ ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಬದಲಿಸಿ ನೋಡಿ, ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮತ್ತೆ, ಬಚ್ಚಲಿನ ಗೋಡೆಗೆ ಒಂದು ಹಿಡಿ ಹಾಕಿಸಿ. ನಾವು ಮಾಡಿದ ಖರ್ಚಿನಲ್ಲೆಲ್ಲ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಸ್ಟೀಲ್ ಹಿಡಿ.

ಮಂಡಿ ಬದಲಿಸುವುದು ಯಾವಾಗ

ಇಷ್ಟು ಓದಿ ನಾನು ಆಪರೇಷನ್ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಸೋದರತ್ತೆ ಬೇಲೂರಿನ ಕಡೆಯವರು. ಅವರಿಗೆ ಎರಡೂ ಕಾಲು ಬಿಲ್ಲಿನಂತೆ ಬಾಗಿತ್ತು. ರಾತ್ರಿ ಮಗ್ಗುಲು ಬದಲಿಸಿದರೆ ನೋವಿಗೆ ಎಚ್ಚರವಾಗುತ್ತಿತ್ತು. ಅಂಗಳ ದಾಟಿ ಹೋಗುವುದೇ ನಿಂತುಹೋಗಿತ್ತು. ಅಂಥವರಿಗೆ ಇನ್ನೂ ಟವೆಲ್ ಒತ್ತಿ ಅನ್ನುವುದು ಅನ್ಯಾಯ. ಮೈಸೂರಿನಲ್ಲಿ ಒಂದೊಂದೇ ಮಂಡಿ ಬದಲಿಸಿದರು, ನಡುವೆ ಐದು ತಿಂಗಳು ಬಿಟ್ಟು. ಈಗ ಸಂತೆಗೆ ಒಬ್ಬರೇ ಹೋಗಿ ಬರುತ್ತಾರೆ.

ಆಪರೇಷನ್ನಿಗೂ ವ್ಯಾಯಾಮಕ್ಕೂ ನೇರ ಹೋಲಿಕೆ ಮಾಡಿದ್ದು ಡೆನ್ಮಾರ್ಕಿನವರು, 2015ರಲ್ಲಿ. ಮಂಡಿ ಬದಲಿಸಬಹುದು ಅಂತ ಡಾಕ್ಟರು ಹೇಳಿದ್ದ 100 ಜನ. 50 ಜನರಿಗೆ ಮಂಡಿ ಬದಲಿಸಿ, ಆಮೇಲೆ ಹನ್ನೆರಡು ವಾರ ವ್ಯಾಯಾಮ, ಊಟದ ಸಲಹೆ ಎಲ್ಲ ಕೊಟ್ಟರು. ಉಳಿದ 50 ಜನರಿಗೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. ಒಂದು ವರ್ಷದ ಮೇಲೆ, ನೋವು ಓಡಾಟ ಇತ್ಯಾದಿ ಅಳೆಯುವ ನೂರು ಅಂಕದ ಅಳತೆಯಲ್ಲಿ ಆಪರೇಷನ್ ಗುಂಪು 32 ಅಂಕ ಸುಧಾರಿಸಿತ್ತು, ಇನ್ನೊಂದು ಗುಂಪು 16. ಅಂದರೆ ಆಪರೇಷನ್ ಎರಡರಷ್ಟು ಲಾಭ ಕೊಟ್ಟಿತು. ಇಷ್ಟನ್ನೇ ಹೇಳಿ ನಿಲ್ಲಿಸುವವರು ಇದ್ದಾರೆ. ಮುಂದೆಯೂ ಓದಬೇಕು. ಗಂಭೀರ ತೊಂದರೆಗಳು ಆಪರೇಷನ್ ಗುಂಪಿನಲ್ಲಿ 24, ಇನ್ನೊಂದರಲ್ಲಿ 6. ವ್ಯಾಯಾಮದ ಗುಂಪಿನ 50 ಜನರಲ್ಲಿ ಆ ವರ್ಷ ಆಪರೇಷನ್ ಮಾಡಿಸಿಕೊಂಡವರು 13 ಜನ ಮಾತ್ರ. ಉಳಿದ 37 ಜನ ವರ್ಷ ಮುಗಿದರೂ ತಮ್ಮ ಮಂಡಿಯಲ್ಲೇ ಓಡಾಡುತ್ತಿದ್ದರು.

ನನಗೆ ಇದರಿಂದ ಸಿಕ್ಕ ತಿಳಿವಳಿಕೆ ಇಷ್ಟು. ವ್ಯಾಯಾಮ ಮೊದಲು ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮೂರು ತಿಂಗಳು ಮಾಡಿ ಸಾಲದಿದ್ದರೆ ಆಪರೇಷನ್ ಅಲ್ಲೇ ಇರುತ್ತದೆ, ತೊಡೆ ಗಟ್ಟಿಯಾಗಿದ್ದರೆ ಆಮೇಲಿನ ಚೇತರಿಕೆಗೂ ಒಳ್ಳೆಯದು. ಆಪರೇಷನ್ ಮೊದಲು ಮಾಡಿಸಿದರೆ ಹಿಂದಕ್ಕೆ ಬರುವ ದಾರಿ ಇಲ್ಲ.

ಹೊಸ ಮಂಡಿ ಎಷ್ಟು ವರ್ಷ ಬರುತ್ತದೆ? 2019ರಲ್ಲಿ ದೇಶಮಟ್ಟದ ದಾಖಲೆಗಳನ್ನು ಸೇರಿಸಿ ನೋಡಿದಾಗ ನೂರಕ್ಕೆ ಸುಮಾರು 82 ಮಂಡಿಗಳು 25 ವರ್ಷ ಬಾಳಿದ್ದವು. ಎಪ್ಪತ್ತರ ವಯಸ್ಸಿನವರಿಗೆ ಸಾಮಾನ್ಯವಾಗಿ ಜೀವಮಾನಕ್ಕೆ ಒಂದೇ ಸಾಕು. ಐವತ್ತಕ್ಕೆ ಬದಲಿಸಿದರೆ ಇನ್ನೊಂದು ಸಲ ಬಿಚ್ಚಬೇಕಾಗಬಹುದು, ಎರಡನೇ ಆಪರೇಷನ್ ಮೊದಲಿನಷ್ಟು ಸಲೀಸಲ್ಲ. ವಯಸ್ಸು ಕಡಿಮೆ ಇದ್ದು, ಮಂಡಿಯ ಒಂದೇ ಪಕ್ಕ ಸವೆದಿದ್ದರೆ ಅರ್ಧ ಮಂಡಿ ಬದಲಿಸುವುದು, ಅಥವಾ ಮಂಡಿಯ ಕೆಳಗಿನ ಕಾಲಿನ ಎಲುಬು ಕತ್ತರಿಸಿ ಬಾಗಿದ ಕಾಲನ್ನು ನೆಟ್ಟಗೆ ಮಾಡುವುದೂ ಇದೆ. ಅದರ ಬಗ್ಗೆ ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಕೇಳಿ.

ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಆಪರೇಷನ್ ಆದ ಮೇಲೂ ನೋವು ಉಳಿಯುತ್ತದೆ. ಇದನ್ನು ಯಾವ ಜಾಹೀರಾತಿನ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಹಿಂದೆ ಹೇಳಿದ ಹಾಳೆ ಇಲ್ಲಿ ಬೇಕಾಗುತ್ತದೆ. ನಡೆಯುವುದು, ರಾತ್ರಿ ನಿದ್ದೆ, ಮೆಟ್ಟಿಲು, ಈ ಮೂರು ನಿಮ್ಮ ಹಾಳೆಯಲ್ಲಿದ್ದರೆ ಹೊಸ ಮಂಡಿ ಅದನ್ನು ಸಾಮಾನ್ಯವಾಗಿ ಕೊಡುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲು, ದೇವರ ಮುಂದೆ ಮಂಡಿಯೂರುವುದು ಇದ್ದರೆ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನ ಸರ್ಜನ್ನರು ಬೇಡ ಎನ್ನುತ್ತಾರೆ, ಮಾಡಲು ಹೋದರೂ ಕಷ್ಟ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಆಪರೇಷನ್ನಿಗೆ ಮುಂಚೆ ಹಾಕಿಸಬೇಕು, ಆಮೇಲಲ್ಲ. ಅತ್ತೆಗೆ ಮಂಡಿ ಸರಿಯಾದ ಮೇಲೆ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುವ ಹಟ. ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು, ಬರಿಗಾಲು, ಬಂಡೆಯಲ್ಲೇ ಕಡಿದದ್ದು. ಕೊನೆಗೆ ಡೋಲಿಯಲ್ಲಿ ಹೋಗಿ ಬಂದರು. "ಮಂಡಿ ಬದಲಿಸದಿದ್ದರೂ ಡೋಲಿ ಸಿಗ್ತಿತ್ತಲ್ಲ ಅತ್ತೆ" ಎಂದಿದ್ದಕ್ಕೆ ಇವತ್ತಿಗೂ ಸಿಟ್ಟು.

ಎರಡೂ ಮಂಡಿ ಒಂದೇ ದಿನ ಮಾಡಿಸಿದರೆ ಒಂದೇ ಸಲ ಆಸ್ಪತ್ರೆ, ಒಂದೇ ಸಲ ರಜೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಅದು ಹೆಚ್ಚು ಅಪಾಯ. ರೋಬೋಟ್ ಬೇಕೋ ಬೇಡವೋ ಅಂತಲೂ ಕೇಳುತ್ತಾರೆ. ರೋಬೋಟ್ ಎಲುಬು ಕತ್ತರಿಸುವ ಅಳತೆಯನ್ನು ಕರಾರುವಾಕ್ಕಾಗಿ ಮಾಡಲು ಸಹಾಯ ಮಾಡುತ್ತದೆ. ರೋಗಿಯ ನೋವು ಓಡಾಟದಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಕಂಡಿಲ್ಲ. ಅದಕ್ಕಿಂತ ಮುಖ್ಯ, ಆ ಸರ್ಜನ್ ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಸೋಂಕಾದರೆ ಏನು ಮಾಡುತ್ತಾರೆ ಅನ್ನುವುದು. ಚಿನ್ನದ ಬಣ್ಣದ ಮಂಡಿಗೆ ಜಾಸ್ತಿ ದುಡ್ಡು ಕೇಳಿದರೆ ನಕ್ಕು ಮುಂದೆ ಹೋಗಿ.

ದುಡ್ಡು ಮತ್ತು ದಿನಾಂಕ

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಗೆ ಹಾಕುವ ಲೋಹದ ಕೀಲಿಗೆ ಬೆಲೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ತೆರಿಗೆ ಬೇರೆ. ಹಾಗಾಗಿ ಎರಡು ಆಸ್ಪತ್ರೆಗಳ ಬಿಲ್ಲಿನಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ ಕಂಡರೆ ಅದು ಬಹುಪಾಲು ಕೀಲಿನದಲ್ಲ. ರೂಮು, ಥಿಯೇಟರು, ಸರ್ಜನ್ನರ ಫೀಸು, ಬಿಡಿಸಿ ಬರೆದುಕೊಡಿ ಅಂತ ಕೇಳಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜು ದರದ ಶೇಕಡಾ 30ರಷ್ಟು. ಮೊದಲು ಖಾಸಗಿಯಲ್ಲಿ ದುಡ್ಡು ಕಟ್ಟಿ ಆಮೇಲೆ ಕೇಳಲು ಹೋಗಬೇಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂಳೆ ವಿಭಾಗದಲ್ಲಿ ತೋರಿಸಿ, ಈ ಯೋಜನೆಯ ಮಾಹಿತಿ ಕೊಡಲು ಅಲ್ಲೇ ಇರುವ ಆರೋಗ್ಯ ಮಿತ್ರರ ಹತ್ತಿರ ನಿಮ್ಮ ಕಾರ್ಡಿಗೆ ಏನು ಸಿಗುತ್ತದೆ, ರೆಫರ್ ಚೀಟಿ ಬೇಕೋ ಅಂತ ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ದೊಡ್ಡದು.

ಆಪರೇಷನ್ನೇ ಅಂತ ತೀರ್ಮಾನವಾದರೆ ತಿಂಗಳನ್ನೂ ನೋಡಿಕೊಳ್ಳಿ. ಇದನ್ನು ಬೆಂಗಳೂರಿನ ಡಾಕ್ಟರು ಹೇಳುವುದಿಲ್ಲ. ಮೊದಲ ಒಂದೂವರೆ ತಿಂಗಳು ವಾಕರ್, ಕೋಲು ಹಿಡಿದು ನಡೆಯಬೇಕು, ದಿನವೂ ಮಂಡಿ ಮಡಚುವ ವ್ಯಾಯಾಮ, ಫಿಸಿಯೋಥೆರಪಿ. ಜೂನ್ ಜುಲೈನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಅಂಗಳವೆಲ್ಲ ಪಾಚಿ. ಗಟ್ಟಿ ಕಾಲಿನವರೇ ಜಾರುತ್ತಾರೆ. ನವೆಂಬರಿಂದ ಅರೇಬಿಕಾ ಕುಯ್ಲು ಶುರುವಾದರೆ ಮನೆಯಲ್ಲಿ ನೋಡಿಕೊಳ್ಳಲು ಯಾರೂ ಸಿಗುವುದಿಲ್ಲ. ಅರೇಬಿಕಾ ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಮಾಡಿಸಿದರೆ ಮಳೆ ಹಿಡಿಯುವ ಹೊತ್ತಿಗೆ ಕಾಲು ನೆಲಕ್ಕೆ ಒಗ್ಗಿರುತ್ತದೆ. ರೊಬಸ್ಟಾ ಜಾಸ್ತಿ ಇರುವವರು ಇನ್ನೊಂದು ತಿಂಗಳು ತಳ್ಳಿ. ಶುಗರ್ ಇರುವವರು ಅಷ್ಟರೊಳಗೆ ಅದನ್ನು ಹಿಡಿತಕ್ಕೆ ತಂದುಕೊಳ್ಳಿ, ಹಲ್ಲಿನ ಹುಳುಕು, ಕಾಲಿನ ಗಾಯ ಇದ್ದರೆ ವಾಸಿ ಮಾಡಿಸಿಕೊಳ್ಳಿ. ಅಲ್ಲಿಂದಲೂ ಸೋಂಕು ಹೊಸ ಕೀಲಿಗೆ ಇಳಿಯಬಹುದು.

ಅವ್ವನ ಬಲ ಮಂಡಿ ಈಗ ಸುಮಾರಾಗಿದೆ. ಎಡದ್ದು ಇಳಿಜಾರಿನಲ್ಲಿ ಇನ್ನೂ ತಕರಾರು ಮಾಡುತ್ತದೆ. ಆ ಹಾಳೆಯಲ್ಲಿ ಬರೆಸಿದ್ದರಲ್ಲಿ ಬಸ್ಸಿನ ಮೆಟ್ಟಿಲು ಒಂದಕ್ಕೆ ಅವರೇ ಅಡ್ಡಗೆರೆ ಎಳೆದಿದ್ದಾರೆ. ಉಳಿದ ಎರಡನ್ನು ಈ ಕುಯ್ಲು ಮುಗಿಯಲಿ, ನೋಡೋಣ ಎನ್ನುತ್ತಾರೆ.